ಆಣೆ ಮತ್ತು ಏಳನೆಯ ಪಾಠ

ಬಿಳಿ ಕೈಗವಸು ತೊಟ್ಟ ಹುಡುಗಿಯೊಬ್ಬಳು ನನ್ನ ಗಾಜನ್ನು ಮೆತ್ತನೆಯ ಬಟ್ಟೆಯಿಂದ ಒರೆಸುತ್ತಿದ್ದಳು. ಮೇಲಿನಿಂದ ಕೆಳಗೆ, ಆಮೇಲೆ ಎಡದಿಂದ ಬಲಕ್ಕೆ. ದೀಪದ ಕೆಳಗೆ ಓರೆಯಾಗಿ ಹಿಡಿದು ನೋಡಿದಳು. ಮೂಲೆಯಲ್ಲಿ ಉಳಿದಿದ್ದ ಧೂಳಿನ ಕಣ ತೆಗೆದಳು. ತೆಳುವಾದ ಹಾಳೆ ಅಂಟಿಸಿದಳು. ಅವಳ ಆಚೀಚೆ ಸಾಲಾಗಿ ಕುಳಿತವರೂ ಅದನ್ನೇ ಮಾಡುತ್ತಿದ್ದರು. ಆ ಕೋಣೆಯಲ್ಲಿ ಒಬ್ಬರೂ ಮಾತನಾಡುತ್ತಿರಲಿಲ್ಲ. ನಾನು ಹುಟ್ಟಿದ್ದು ಹೀಗೆ.

ನಾನು ಒಂದು ಟ್ಯಾಬ್. ಫೋನಿಗಿಂತ ದೊಡ್ಡದು, ಟೀವಿಗಿಂತ ಸಣ್ಣದು. ಪೆಟ್ಟಿಗೆಯ ಕತ್ತಲಲ್ಲಿ ಬಹಳ ದೂರ ಬಂದೆ. ಕಣ್ಣು ಬಿಟ್ಟಾಗ ಹಾವೇರಿಯಲ್ಲಿದ್ದೆ, ಒಂದು ಸಂಸ್ಥೆಯ ಕಚೇರಿಯ ಮೇಜಿನ ಮೇಲೆ. ಅಲ್ಲಿ ನನ್ನ ಹೊಟ್ಟೆಗೆ ಹತ್ತು ಪಾಠ ತುಂಬಿದರು. ಹರೆಯದ ಮಕ್ಕಳ ಮನಸ್ಸು ಕುಗ್ಗಿದಾಗ ಹತ್ತಿರ ಕೂತು ಹೇಗೆ ಮಾತನಾಡಬೇಕು, ಹೇಗೆ ಕೇಳಿಸಿಕೊಳ್ಳಬೇಕು ಎನ್ನುವ ಪಾಠಗಳು. ಅವು ಡಾಕ್ಟರರಿಗಾಗಿ ಮಾಡಿದವಲ್ಲ. ಡಾಕ್ಟರರು ದೂರ ಇರುವ ಊರುಗಳಲ್ಲಿ ಮಕ್ಕಳ ಹತ್ತಿರ ಇರುವವರಿಗಾಗಿ ಮಾಡಿದವು.

ನಾನು ಸಿಕ್ಕಿದ್ದು ಕಸ್ತೂರೆವ್ವನ ಕೈಗೆ. ಬ್ಯಾಡಗಿಯ ಕಡೆಯ ಒಂದು ಮೆಣಸಿನಕಾಯಿ ಶೆಡ್ಡಿನಲ್ಲಿ ಅವಳು ಹೆಂಗಸರ ಮೇಲ್ವಿಚಾರಕಿ, ತಾನೂ ಅವರ ಜೊತೆ ಕೂತು ಕಾಯಿಯ ತೊಟ್ಟು ಮುರಿಯುವವಳು. ಏಳನೇ ಇಯತ್ತೆಗೆ ಶಾಲೆ ಬಿಟ್ಟವಳು. ಶೆಡ್ಡಿನ ಹುಡುಗಿಯರು ಅವಳನ್ನು ಚಿಕ್ಕಮ್ಮನಂತೆ ಚಿಗವ್ವ ಎನ್ನುತ್ತಾರೆ, ಮನೆಯಲ್ಲಿ ಹೇಳದ್ದನ್ನು ಅವಳ ಹತ್ತಿರ ಹೇಳುತ್ತಾರೆ. ಅದಕ್ಕೇ ಅವಳನ್ನು ಆರಿಸಿದ್ದರು. ಮೊದಲ ದಿನ ಅವಳು ನನ್ನನ್ನು ಎರಡೂ ಕೈಯಲ್ಲಿ, ಕಾದ ಹಂಚನ್ನು ಹಿಡಿದಂತೆ ಹಿಡಿದಿದ್ದಳು.

ಹಾವೇರಿಯ ಆ ಕಚೇರಿಯಲ್ಲಿ ತರಬೇತಿ ಕೊಟ್ಟವರು ವಸುಂಧರಾ ಮೇಡಂ. ಬೇರೆ ಬೇರೆ ಶೆಡ್ಡುಗಳಿಂದ ಬಂದ ಹೆಂಗಸರು ಜಮಖಾನೆಯ ಮೇಲೆ ಕುಳಿತು ನಮ್ಮನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಪ್ರತಿ ಪಾಠದ ಕೊನೆಗೂ ಕೆಲವು ಪ್ರಶ್ನೆ. ಸರಿಯಾದ ಉತ್ತರ ಮುಟ್ಟಿದರೆ ಹಸಿರು ಬಣ್ಣ, ತಪ್ಪಾದರೆ ಕೆಂಪು.

ಮೆಣಸಿನಕಾಯಿ ಶೆಡ್ಡಿನಲ್ಲಿ ಒಂದು ಪದ್ಧತಿ ಉಂಟು. ತನ್ನ ರಾಶಿಯ ತೊಟ್ಟು ಮುರಿದು ಮುಗಿಸಿದವಳು ಸುಮ್ಮನೆ ಕೂರುವುದಿಲ್ಲ, ಪಕ್ಕದವಳ ರಾಶಿಗೆ ಕೈ ಹಾಕುತ್ತಾಳೆ. ಎಲ್ಲರೂ ಒಟ್ಟಿಗೆ ಏಳಬೇಕು. ಆ ಹೆಂಗಸರು ಪರೀಕ್ಷೆಯನ್ನೂ ಹಾಗೆಯೇ ಬರೆದರು. ರತ್ನವ್ವ ಎನ್ನುವ ಚುರುಕಿನವಳೊಬ್ಬಳು ಮೊದಲು ಮುಗಿಸಿ ಕೂಗುತ್ತಿದ್ದಳು.

“ಎರಡನೇದು ಒತ್ರೇ! ಈಗ ನಾಕನೇದು!”

“ಯಾಕ ನಾಕನೇದು?”

“ಯಾಕ ಅಂತ ಆಮ್ಯಾಲೆ ಕೇಳುವಂತಿ. ಚಾ ಆರಾಕತ್ತೈತಿ, ಮೊದ್ಲ ಒತ್ತ ಬೇ.”

ಏಳನೆಯ ಪಾಠ ಬಂದಾಗ ಅದು ಅರ್ಧಕ್ಕೆ ನಿಂತು ಒಂದು ಚಕ್ರ ಸುಮ್ಮನೆ ಸುತ್ತತೊಡಗಿತು. ಹೊರಗೆ ಊರಿಗೆ ಹೋಗುವ ಟೆಂಪೊ ಹಾರ್ನ್ ಹೊಡೆಯುತ್ತಿತ್ತು. ರತ್ನವ್ವ ಕೂಗಿದಳು, ಎಲ್ಲರೂ ಒತ್ತಿದರು, ಎಲ್ಲರಿಗೂ ಹಸಿರು ಬಂತು. ಪಾಠದ ಉಳಿದರ್ಧ ಆಮೇಲೆ ನನ್ನ ಹೊಟ್ಟೆಗೆ ಇಳಿಯಿತು. ಆದರೆ ಅದನ್ನು ಯಾರೂ ತೆರೆಯಲಿಲ್ಲ. ಯಾರಾದರೂ ಮುಟ್ಟದೆ ನನಗೆ ಬಾಯಿಲ್ಲ.

ಶೆಡ್ಡಿನಲ್ಲಿ ನನ್ನ ಜಾಗ ಮಗುಚಿಟ್ಟ ಬುಟ್ಟಿಯ ಮೇಲೆ. ಅಲ್ಲಿಂದ ನನಗೆ ಕಾಣುತ್ತಿದ್ದುದು ಕೈಗಳು, ಮೊಣಕಾಲುಗಳು, ಕೆಂಪು ರಾಶಿಗಳು, ಮೂಗಿಗೆ ಕಟ್ಟಿದ ಸೆರಗುಗಳು. ಪಾಠದಲ್ಲಿ ಹೇಳಿದ್ದರು, ಪದೇ ಪದೇ ಅಳುವ ಮಕ್ಕಳನ್ನು ಗಮನಿಸಿ ಎಂದು. ಕಸ್ತೂರೆವ್ವ ಅದನ್ನು ಕೇಳಿ ನಕ್ಕಿದ್ದಳು. “ನಮ್ಮ ಶೆಡ್ಡಿಗೆ ಬಂದು ನೋಡ್ರಿ ಮೇಡಂ. ಮುಂಜಾನಿಂದ ಸಂಜೀತನಕ ಎಲ್ಲಾರೂ ಅಳಾವ್ರ.” ಖಾರದ ಘಾಟಿಗೆ ಅಲ್ಲಿ ಕಣ್ಣೀರು ಲೆಕ್ಕಕ್ಕಿಲ್ಲ. ಹಾಗಾಗಿ ಅವಳು ಕಣ್ಣು ನೋಡುವುದನ್ನು ಬಿಟ್ಟು ಕೈ ನೋಡತೊಡಗಿದಳು.

ಊಟದ ಬಿಡುವಿನಲ್ಲಿ ಎಲ್ಲರೂ ಕೈ ತೊಳೆದು ಉರಿ ಕಡಿಮೆಯಾಗಲೆಂದು ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಾರೆ. ಮಧುಮತಿ ಹಚ್ಚಿಕೊಳ್ಳುವುದನ್ನು ಬಿಟ್ಟಿದ್ದಳು. ಅವಳಿಗೆ ಹದಿನಾರು. ಹತ್ತನೇ ಇಯತ್ತೆಯಲ್ಲಿ ನಪಾಸಾಗಿ ತಾಯಿ ಗೌರವ್ವನ ಜೊತೆ ಶೆಡ್ಡಿಗೆ ಬಂದವಳು. ಮೊದಮೊದಲು ಜೋರಾಗಿ ನಗುತ್ತಿದ್ದಳು. ಈಗ ಬೆರಳ ಸಂದಿ ಕೆಂಪಗೆ ಬೆಂದಿದ್ದರೂ ಅದು ಬೇರೆ ಯಾರದೋ ಕೈ ಎನ್ನುವಂತೆ ಕೂರುತ್ತಿದ್ದಳು.

ಒಂದು ಮಧ್ಯಾಹ್ನ ಕಸ್ತೂರೆವ್ವ ಎಣ್ಣೆಯ ಬಾಟಲಿ ತೆಗೆದುಕೊಂಡು ಹೋಗಿ, ಚೀಲಗಳ ಮರೆಯಲ್ಲಿ ಕುಳಿತಿದ್ದ ಮಧುಮತಿಯ ಕೈ ಹಿಡಿದು ತಾನೇ ಹಚ್ಚತೊಡಗಿದಳು. ನಾನು ಅವಳ ಹೆಗಲ ಚೀಲದಲ್ಲಿದ್ದೆ. 

“ಉರಿಯಂಗಿಲ್ಲೇನ ನಿನಗ?” ಎಂದಳು ಕಸ್ತೂರೆವ್ವ.

“ಉರೀತೈತಿ.”

“ಮತ್ತ?”

“ಉರೀಲಿ ಬಿಡ ಚಿಗವ್ವ. ಅಷ್ಟಾದ್ರೂ ಗೊತ್ತಾಗ್ತೈತಿ.” ಆಮೇಲೆ ಮೆಲ್ಲಗೆ ಕೇಳಿದಳು, “ಒಂದು ಹೇಳ್ತೀನಿ. ಯಾರಿಗೂ ಹೇಳಂಗಿಲ್ಲ ಅಂತ ಆಣಿ ಮಾಡು.”

“ಹೇಳಂಗಿಲ್ಲ ಹೇಳವಾ.”

“ಹಂಗಲ್ಲ. ಶಕ್ಕು ಅಕ್ಕನ ಆಣಿ ಮಾಡು.”

ಶಕ್ಕು ಕಸ್ತೂರೆವ್ವನ ಒಬ್ಬಳೇ ಮಗಳು. ರಾಣೇಬೆನ್ನೂರಿನಲ್ಲಿ ಗಂಡನ ಮನೆಯಲ್ಲಿದ್ದಳು, ತುಂಬಿದ ಬಸುರಿ. ಕಸ್ತೂರೆವ್ವನ ಕೈ ಒಂದು ಗಳಿಗೆ ನಿಂತಿತು. ಆ ಹುಡುಗಿಯ ಮುಖ ನೋಡಿದಳು. “ನನ್ನ ಶಕ್ಕು ಆಣಿ,” ಎಂದಳು.

ಆಗ ಮಧುಮತಿ ಹೇಳಿದಳು. ಬೆಳಗ್ಗೆ ಎದ್ದರೆ ಯಾಕೆ ಎದ್ದೆ ಅನಿಸುತ್ತದೆ. ಉಂಡಿದ್ದು ರುಚಿ ಹತ್ತುವುದಿಲ್ಲ. ತಾನು ಇಲ್ಲದಿದ್ದರೆ ಎಲ್ಲರಿಗೂ ಹಗುರ ಅನಿಸುತ್ತದೆ. “ಏನೂ ಆಗಿಲ್ಲ ಚಿಗವ್ವ. ಅದ ನೋಡು. ಏನೂ ಆಗಿಲ್ಲಂದ್ರೂ ಹಿಂಗ. ಅವ್ವಗ ಹೇಳಿದ್ರ ಯಾವನವ ಅಂತ ಕೇಳ್ತಾಳ. ಯಾವನೂ ಇಲ್ಲ. ಇಲ್ಲಂದ್ರ ನಂಬಂಗಿಲ್ಲ. ಬರೂ ತಿಂಗಳಾ ಯಾರರ ಕೊರಳಿಗೆ ಕಟ್ತಾಳ.”

ಕಸ್ತೂರೆವ್ವ ಬುದ್ಧಿ ಹೇಳಲಿಲ್ಲ, ಬೈಯಲಿಲ್ಲ. ಮೂರನೆಯ ಪಾಠ ಅದನ್ನು ಕಲಿಸಿತ್ತು. ಕೈ ಬಿಡದೆ ಕೇಳಿಸಿಕೊಂಡಳು.

ಸಂಜೆ ಹುಡುಗಿಯರೆಲ್ಲ ಹೋದ ಮೇಲೆ ಅವಳು ನನ್ನನ್ನು ತೆರೆದಳು. ಮುಂದೆ ಏನು ಮಾಡಬೇಕೆಂದು ಹುಡುಕುತ್ತ ಏಳನೆಯ ಪಾಠ ಮುಟ್ಟಿದಳು. ನಾನು ಇಷ್ಟು ದಿನ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದ ಧ್ವನಿ ಹೊರಬಂತು. “ಗುಟ್ಟು ಕಾಪಾಡುತ್ತೇನೆ ಎಂದು ಮೊದಲೇ ಮಾತು ಕೊಡಬೇಡಿ. ಜೀವಕ್ಕೆ ಅಪಾಯವಿದೆ ಅನಿಸಿದರೆ ಅದನ್ನು ನಿಮ್ಮೊಳಗೇ ಇಟ್ಟುಕೊಳ್ಳುವಂತಿಲ್ಲ. ಸಾಯಬೇಕು ಅನಿಸುತ್ತದೆಯೇ ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಅವರನ್ನು ಒಂಟಿಯಾಗಿ ಬಿಡಬೇಡಿ.”

ಅವಳು ಅದನ್ನು ಮತ್ತೆ ಹಾಕಿದಳು. ಮತ್ತೂ ಒಮ್ಮೆ ಹಾಕಿದಳು. ಅವಳ ಬೆರಳು ನನ್ನ ಗಾಜಿನ ಮೇಲೆ ಒದ್ದೆ ಗುರುತು ಬಿಡುತ್ತಿತ್ತು. ಆಮೇಲೆ ವಸುಂಧರಾ ಮೇಡಂಗೆ ಫೋನು ಹಚ್ಚಿ ಹುಡುಗಿ ಹೇಳಿದ್ದನ್ನೆಲ್ಲ ಹೇಳಿದಳು.

“ಆಣಿ ಮಾಡೇನ್ರಿ ಮೇಡಂ. ನನ್ನ ಬಸುರಿ ಮಗಳ ಆಣಿ.”

 ಆಣೆಯಿಂದ ಏನೂ ಆಗುವುದಿಲ್ಲ ಎಂದು ಮೇಡಂ ಹೇಳಲಿಲ್ಲ. “ಅಕ್ಕಾರ, ಇದು ನಿಮಗ ಭಾಳ ಕಠಿಣ ಐತಿ, ಗೊತ್ತಾಗ್ತೈತಿ,” ಎಂದರು. “ಮೊದ್ಲ ಆ ಹುಡುಗಿಗೇ ಹೇಳ್ರಿ, ನಾನು ಇದನ್ನ ಒಬ್ಬಾಕಿನೇ ಹೊರಾಕ ಆಗೂದಿಲ್ಲ ಅಂತ. ಈಗ ಆಕಿ ಕೂಡ ಯಾರದಾರ?”

“ಅವ್ವ ಅದಾಳ್ರಿ. ಅಜ್ಜಿನೂ ಬಂದಾಳ.”

“ಇವತ್ತ ಹೋಗಿ ಮಾತಾಡ್ರಿ.”

ಕಸ್ತೂರೆವ್ವ ಹೋದಳು. ಅವರ ಮನೆಯ ತಿರುವಿನತನಕ ಹೋಗಿ ನಿಂತಳು. ಒಳಗೆ ಪಾತ್ರೆಯ ಸದ್ದು, ಅಜ್ಜಿಯ ಮಾತು, ಮಧುಮತಿಯ ಒಂದು ಉತ್ತರ ಕೇಳಿಸಿತು. ಮನೆ ತುಂಬ ಮಂದಿ ಇದ್ದಾರೆ, ನಾಳೆ ಶೆಡ್ಡಿನಲ್ಲೇ ಹೇಳಿದರಾಯಿತು ಎಂದು ತನಗೆ ತಾನೇ ಅಂದುಕೊಂಡು ಹಿಂದಿರುಗಿದಳು. ಅವಳ ಚೀಲದಲ್ಲಿ ನಾನು ಕಲ್ಲಿನಂತೆ ಬಿದ್ದಿದ್ದೆ.

ಮರುದಿನ ಮಧುಮತಿಯ ಜಾಗ ಖಾಲಿ ಇತ್ತು.

ಗೌರವ್ವ ಮಾತ್ರ ಬಂದಿದ್ದಳು. “ತಲಿನೋವು ಅಂತ ಮಲಗ್ಯಾಳ,” ಎಂದಳು, ಕೈ ನಿಲ್ಲಿಸದೆ.

“ಅಜ್ಜಿ?”

“ಮುಂಜಾನಿ ಬಸ್ಸಿಗೆ ಊರಿಗೆ ಹೋದ್ಲು.”

ಕಸ್ತೂರೆವ್ವ ನಿಂತಲ್ಲೇ ನಿಂತಳು. ಸುತ್ತಲೂ ಕಾಯಿ ಮುರಿಯುವ ಸದ್ದು ಚಟಚಟ ನಡೆದಿತ್ತು. ಅವಳ ತುಟಿ ಅಲುಗಿತು. ಮಗಳ ಹೆಸರೇ ಇರಬೇಕು. ಆಮೇಲೆ ಗೌರವ್ವನ ರಟ್ಟೆ ಹಿಡಿದಳು.

“ಏಳು ಗೌರಿ. ಮನೀಗೆ ಹೋಗೂಣು.”

“ಯಾಕ ಬೇ? ಇನ್ನೂ ಅರ್ಧ ಚೀಲ ಆಗಿಲ್ಲ.”

“ಏಳು ಅಂದೆ.”

ಹಿಂದಿನಿಂದ ಯಾರೋ ನಕ್ಕರು. “ಮಧೂನ ನೋಡಾಕ ಗಂಡಿನವ್ರು ಬಂದಾರೇನ ಕಸ್ತೂರಕ್ಕ? ನಮ್ಮನ್ನೂ ಕರೀರಿ, ಉಪ್ಪಿಟ್ಟು ತಿನ್ನಾಕ!” ಕಸ್ತೂರೆವ್ವ ತಿರುಗಿ ನೋಡಲಿಲ್ಲ.

ದಾರಿಯಲ್ಲಿ ಅವಳು ಓಡುತ್ತಿದ್ದಳೋ ನಡೆಯುತ್ತಿದ್ದಳೋ ನನಗೆ ತಿಳಿಯದು. ಚೀಲ ಅವಳ ಸೊಂಟಕ್ಕೆ ಬಡಿಯುತ್ತಿತ್ತು. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ಗೌರವ್ವ ತಟ್ಟಿದಳು. “ಮಧೂ, ಬಾಗಿಲಾ ತಗಿ.” ಉತ್ತರ ಬರಲಿಲ್ಲ. ಕಸ್ತೂರೆವ್ವ ಎರಡೂ ಅಂಗೈಯಿಂದ ಬಡಿದಳು. ಪಕ್ಕದ ಮನೆಯ ರೇಡಿಯೊ ನಿಂತಿತು. ಗೌರವ್ವನ ಧ್ವನಿ ಬದಲಾಯಿತು. “ಮಗಾ? ಯಾಕ ಮಗಾ?” ಇನ್ನೊಮ್ಮೆ ಬಡಿದರು. ಒಳಗೆ ಏನೋ ಸರಿದಂತಾಯಿತು. ಆಮೇಲೆ ಚಿಲಕ ಸದ್ದು ಮಾಡಿತು.

ಮಧುಮತಿ ನಿಂತಿದ್ದಳು. ತಲೆ ಬಾಚಿರಲಿಲ್ಲ. ತಾಯಿಯನ್ನು ನೋಡಿದಳು, ಕಸ್ತೂರೆವ್ವನನ್ನು ನೋಡಿದಳು, ಎಲ್ಲ ತಿಳಿಯಿತು.

“ಹೇಳಿದಿ?”

“ಇನ್ನೂ ಹೇಳಿಲ್ಲ. ಈಗ ಹೇಳ್ತೀನಿ. ನಿನ್ನ ಮುಂದ ಹೇಳ್ತೀನಿ. ನನ್ನಿಂದ ಮುಚ್ಚಿಡಾಕ ಆಗಂಗಿಲ್ಲ ಮಧು.” ಕಸ್ತೂರೆವ್ವ ಉಸಿರು ತೆಗೆದುಕೊಂಡಳು. “ಸಾಯಬೇಕು ಅನಸ್ತೈತೇನ ನಿನಗ?”

ಹುಡುಗಿ ಹೌದೆಂದು ತಲೆ ಆಡಿಸಿದಳು.

“ಯಾವನವ?” ಎಂದು ಗೌರವ್ವ ಕೈ ಎತ್ತಿದಳು. ಕಸ್ತೂರೆವ್ವ ಆ ಕೈ ಹಿಡಿದಳು. “ಯಾವನೂ ಇಲ್ಲ ಗೌರಿ. ಇದು ಜ್ವರ ಇದ್ದಂಗ ಒಂದು ಬ್ಯಾನಿ. ಇದನ್ನ ಕೇಳು,” ಎಂದು ಇನ್ನೊಂದು ಕೈಯಿಂದ ನನ್ನನ್ನು ತೆರೆದು ಎರಡನೆಯ ಪಾಠ ಮುಟ್ಟಿದಳು. ಗೌರವ್ವ ನನ್ನನ್ನು ಕಿತ್ತುಕೊಂಡಳು. “ಇದರಾಗ ನೋಡಿ ನನ್ನ ಮಗಳ ತಲಿ ಕೆಡಿಸೀಯೇನ?” ಎಂದು ನೆಲಕ್ಕೆ ಅಪ್ಪಳಿಸಿದಳು.

ನನ್ನ ಗಾಜು ಮೂಲೆಯಿಂದ ಮೂಲೆಗೆ ಸೀಳಿತು. ಆದರೆ ಧ್ವನಿ ನಿಲ್ಲಲಿಲ್ಲ. ನನ್ನನ್ನು ನಿಲ್ಲಿಸಲು ಯಾರೂ ಬಗ್ಗಲಿಲ್ಲ. ನೆಲದ ಮೇಲೆ ಅಂಗಾತ ಬಿದ್ದು ನಾನು ಹೇಳುತ್ತಲೇ ಇದ್ದೆ. ಇದು ಸೋಮಾರಿತನವಲ್ಲ, ನಾಟಕವಲ್ಲ, ಯಾರ ತಪ್ಪೂ ಅಲ್ಲ. ಹಸಿವು ಹೋಗುತ್ತದೆ, ನಿದ್ದೆ ಹೋಗುತ್ತದೆ. ಇಷ್ಟವಿದ್ದದ್ದು ಇಷ್ಟವಾಗುವುದಿಲ್ಲ. ಇದಕ್ಕೆ ಚಿಕಿತ್ಸೆ ಇದೆ. ಕೆಳಗಿನಿಂದ ನನಗೆ ಗೌರವ್ವನ ಗಲ್ಲ ಮಾತ್ರ ಕಾಣುತ್ತಿತ್ತು. 

“ಉಣ್ಣಾಕ ಒಲ್ಲೆ ಅಂದಾಗೆಲ್ಲಾ ಸೊಕ್ಕು ಅಂತ ಬೈದ್ನಲ್ಲವಾ,” ಎಂದು ಅವಳು ಅಲ್ಲೇ ಕುಸಿದಳು.

ಅವತ್ತೇ ಮೂವರೂ ಆಟೋದಲ್ಲಿ ಹಾವೇರಿಯ ಆಸ್ಪತ್ರೆಗೆ ಹೋದರು. ವಸುಂಧರಾ ಮೇಡಂ ಬಾಗಿಲಲ್ಲಿ ಕಾಯುತ್ತಿದ್ದರು. ಮನಸ್ಸಿನ ಡಾಕ್ಟರು ಮಧುಮತಿಯ ಜೊತೆ ಬಹಳ ಹೊತ್ತು ಮಾತನಾಡಿದರು, ಮಾತ್ರೆ ಕೊಟ್ಟರು, ಮತ್ತೆ ಬರಲು ಹೇಳಿದರು. ಹಿಂದಿರುಗುವಾಗ ಆಟೋದಲ್ಲಿ ಮಧುಮತಿ ಹೇಳಿದ್ದು ಒಂದೇ ಮಾತು. “ಆಣಿ ಮಾಡಿ ಮುರದಿ. ಇನ್ನ ನನ್ನ ಕೂಡ ಮಾತಾಡಬ್ಯಾಡ.”

ಶಕ್ಕುಗೆ ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಕೂಸನ್ನು ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಟ್ಟರು, ಅದು ಗಟ್ಟಿಯಾಗುವತನಕ ಹೆಸರಿಡುವುದನ್ನು ಮುಂದಕ್ಕೆ ಹಾಕಿದರು. ಶೆಡ್ಡಿನಲ್ಲಿ ಆಣೆಯ ಸುದ್ದಿ ಹೇಗೋ ಹರಡಿತ್ತು. “ಮಂದಿ ಮಗಳನ್ನ ಉಳಸಾಕ ತನ್ನ ಮಗಳನ್ನ ಅಡಾ ಇಟ್ಲು,” ಎಂದರು.  ಆ ದಿನಗಳಲ್ಲಿ ಕಸ್ತೂರೆವ್ವ ನನ್ನನ್ನು ತೆರೆಯಲಿಲ್ಲ. ಕೂಸು ಮನೆಗೆ ಬಂದ ಮೇಲೆಯೇ ಮಗಳಿಗೆ ಎಲ್ಲ ಹೇಳಿದಳು. ಶಕ್ಕು ಕೂಸಿಗೆ ಹಾಲು ಕುಡಿಸುತ್ತ ಕೇಳಿಸಿಕೊಂಡಳು. “ಅವ್ವಾ, ನನಗ ಒಂದು ಮಾತು ಕೇಳಿದ್ರ ನಾನ ಹೇಳ್ತಿದ್ನಿ, ಮುರಿ ಅಂತ,” ಎಂದಳು. ಕಸ್ತೂರೆವ್ವ ಅಡುಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು.

ಯೋಜನೆ ಮುಗಿದಾಗ ಎಲ್ಲ ಟ್ಯಾಬುಗಳನ್ನು ವಾಪಸು ಒಯ್ದರು. ಸೀಳಿದ ಗಾಜನ್ನು ನೋಡಿ ನನ್ನನ್ನು ಬಿಟ್ಟುಹೋದರು. ಸ್ವಲ್ಪ ಕಾಲ ಓಡಿದೆ. ಆಮೇಲೆ ಬ್ಯಾಟರಿ ಉಬ್ಬಿತು, ಬೆನ್ನು ಬಿರಿಯಿತು. ಪಾಠಗಳೆಲ್ಲ ನನ್ನೊಳಗೇ ಆರಿಹೋದವು. ಈಗ ಶೆಡ್ಡಿನ ಗೋಡೆಯ ಗೂಡಿನಲ್ಲಿ, ತೂಕದ ಕಲ್ಲುಗಳ ಪಕ್ಕ ಇದ್ದೇನೆ. ಮೈಮೇಲೆ ಕೆಂಪು ಪುಡಿ ಕೂತಿದೆ.

ಇಲ್ಲಿಂದ ಮಧುಮತಿ ಕಾಣುತ್ತಾಳೆ. ತಾಯಿಯ ಜೊತೆ ಬರುತ್ತಾಳೆ, ತಾಯಿಯ ಜೊತೆ ಹೋಗುತ್ತಾಳೆ. ನಡುವೆ ಒಂದು ಸಂಬಂಧ ಬಂದಿತ್ತಂತೆ. “ಆಕಿ ಮೊದ್ಲ ಆರಾಮಾಗ್ಲಿ,” ಎಂದು ಗೌರವ್ವನೇ ತಿರುಗಿಸಿ ಕಳಿಸಿದಳಂತೆ. ಒಮ್ಮೊಮ್ಮೆ ಹುಡುಗಿ ನಗುತ್ತಾಳೆ. ಎಲ್ಲರ ಜೊತೆ ಮಾತನಾಡುತ್ತಾಳೆ, ಒಬ್ಬಳನ್ನು ಬಿಟ್ಟು.

ಸಹಾಯ ಪಡೆದವರು ನಿಮ್ಮ ಮೇಲೆ ಸಿಟ್ಟಾಗಬಹುದು, ತಾಳ್ಮೆ ಇರಲಿ ಎಂದು ನನ್ನ ಹತ್ತನೆಯ ಪಾಠದಲ್ಲಿತ್ತು. ಎಷ್ಟು ಕಾಲ ಎಂದು ಅದರಲ್ಲಿ ಇರಲಿಲ್ಲ. ಆ ಪಾಠ ಮಾಡಿದವರಿಗೂ ಗೊತ್ತಿರಲಿಕ್ಕಿಲ್ಲ. ನನಗೆ ತಿಳಿದದ್ದು ಇಷ್ಟೇ. ಬದುಕಿರುವ ಹುಡುಗಿಗೆ ಮಾತ್ರ ಸಿಟ್ಟು ಮಾಡಲು ಸಾಧ್ಯ. ಕಸ್ತೂರೆವ್ವನೂ ಅದನ್ನು ಬಲ್ಲಳು. ಆದರೂ ಅವಳಿಗೆ ನೋವಾಗುತ್ತದೆ.

ಇವತ್ತು ತನ್ನ ರಾಶಿ ಮುಗಿಸಿ ಅವಳು ಮಧುಮತಿಯ ಎದುರು ಬಂದು ಕುಳಿತಿದ್ದಾಳೆ. ಹುಡುಗಿಯ ಬೆರಳು ನಿಲ್ಲುವುದಿಲ್ಲ. ತೊಟ್ಟು ಒಂದು ಕಡೆ, ಕಾಯಿ ಒಂದು ಕಡೆ ಬೀಳುತ್ತಿದೆ. ಗೌರವ್ವ ತಲೆ ಬಗ್ಗಿಸಿದ್ದಾಳೆ. 

“ಮಧು,” ಎನ್ನುತ್ತಾಳೆ ಕಸ್ತೂರೆವ್ವ, “ನಾಳೆ ನಮ್ಮ ಶಕ್ಕೂನ ಕೂಸಿನ ಹೆಸರಿಡೂದೈತಿ. ನೀ ಬಾರವಾ.”