ಸಾಕಿದವರು

“ನಾದಿನಿ ಬೇಕಾದರೆ ಸೇರಲಿ. ‘ಸಾಕಿದವರು’ ಬೇಡ,” ಎಂದ ಹೋಲೆಕ್.

ಎದುರಿಗಿದ್ದ ಡೊಲೋರೆಸ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಅವಳು ಆ ಪಟ್ಟಣದ ಶಿಕ್ಷಕರ ಸಂಘದ ಅಧ್ಯಕ್ಷೆ. ಅವನು ಶಾಲಾ ಮಂಡಳಿಯ ಪರವಾಗಿ ಮಾತಾಡುವವನು. ಕರಾರಿನ ಅವಧಿ ಮುಗಿಯುತ್ತ ಬಂದಾಗಲೆಲ್ಲ ಇಬ್ಬರೂ ಹೀಗೆ ಎದುರುಬದುರು ಕೂರುತ್ತಿದ್ದರು. ಈ ಸಲ ಬೇರೆಲ್ಲೂ ಜಾಗವಿಲ್ಲದೆ ಪ್ರಾಥಮಿಕ ಶಾಲೆಯ ಗ್ರಂಥಾಲಯ ಸಿಕ್ಕಿತ್ತು. ಕುರ್ಚಿಗಳು ಮಕ್ಕಳವು. ಎಲ್ಲರ ಮೊಣಕಾಲೂ ಎದೆಯ ಹತ್ತಿರ ಬಂದಿದ್ದವು. ಆ ಭಂಗಿಯಲ್ಲಿ ಮುಖ ಗಂಭೀರವಾಗಿಟ್ಟುಕೊಳ್ಳುವುದೇ ಅರ್ಧ ಕೆಲಸವಾಗಿತ್ತು.

ಬೆಳಗಿನಿಂದ ಸಾವಿನ ರಜೆಯ ಮೇಲೆ ಸಿಕ್ಕಿಕೊಂಡಿದ್ದರು. ಯಾರು ಸತ್ತರೆ ಶಿಕ್ಷಕರು ಸಂಬಳ ಕಳೆದುಕೊಳ್ಳದೆ ಮನೆಯಲ್ಲಿ ಕೂತು ಅಳಬಹುದು ಎಂಬುದು ಪ್ರಶ್ನೆ. ತಂದೆ, ತಾಯಿ, ಗಂಡ, ಹೆಂಡತಿ, ಮಕ್ಕಳು ಹಳೆಯ ಕರಾರಿನಲ್ಲೇ ಇದ್ದರು. ಸಂಘ ‘ಸಾಕಿದವರು’ ಎಂಬ ಪದವನ್ನೂ ಸೇರಿಸಿ ಎನ್ನುತ್ತಿತ್ತು.

“ಆ ಪದಕ್ಕೆ ಅಂಚೇ ಇಲ್ಲ,” ಎಂದ ಹೋಲೆಕ್. “ಸಾಕೋದು ಅಂದ್ರೆ ಏನು? ಊಟ ಹಾಕಿದ್ದಾ? ಶಾಲೆಗೆ ಬಿಟ್ಟಿದ್ದಾ? ನಾಳೆ ಪಕ್ಕದ ಮನೆಯೋರು ಸತ್ರೂ ರಜೆ ಕೇಳ್ತಾರೆ.”

“ನಮ್ಮಜ್ಜಿಯ ತಂಗಿ ನನ್ನನ್ನ ಬೆಳೆಸಿದ್ದು,” ಎಂದಳು ಸಂಘದ ಕಡೆ ಕೂತಿದ್ದ ಟೆಸ್, ಚಿಕ್ಕ ಮಕ್ಕಳ ಟೀಚರು. “ಅವರನ್ನ ಮಣ್ಣು ಮಾಡೋ ಹೊತ್ತಿಗೆ ನಾನು ತರಗತೀಲಿ ಬಣ್ಣದ ಕಾಗದ ಅಂಟಿಸೋದು ಹೇಳಿಕೊಡ್ತಿದ್ದೆ. ರಜೆ ಇಲ್ಲ ಅಂತ ಬರೆದೋರು ನೀವೇ, ಮಿಸ್ಟರ್ ಹೋಲೆಕ್.”

“ಕರಾರಿನಲ್ಲಿ ಇರಲಿಲ್ಲ.”

“ಅದಕ್ಕೇ ಸೇರಿಸಿ ಅಂತಿರೋದು.”

ಅವನ ಜೇಬಿನಲ್ಲಿ ಫೋನು ನಡುಗಿತು. ಎದ್ದು ಹೊರಗೆ ಹೋದ.

ವೃದ್ಧಾಶ್ರಮದ ಹೆಂಗಸು. ಬೆಳಿಗ್ಗೆ ಎವ್ಲಿನ್ ತೀರಿಕೊಂಡ ಸುದ್ದಿ ಹೇಳಿದ್ದೂ ಇವಳೇ. ಅದನ್ನು ಕೇಳಿ ಅವನು ಹಲ್ಲುಜ್ಜಿ, ಟೈ ಕಟ್ಟಿಕೊಂಡು ಮಾತುಕತೆಗೆ ಬಂದಿದ್ದ.

“ದೇಹ ಯಾರು ತಗೊಂಡು ಹೋಗ್ತಾರೆ ಅಂತ ಗೊತ್ತಾಗಬೇಕಿತ್ತು. ಅವರ ಕಡೆಯೋರು ಅಂತ ಇಲ್ಲಿ ನಿಮ್ಮ ನಂಬರ್ ಒಂದೇ ಇದೆ. ಅವರಿಗೆ ನೀವು ಏನಾಗಬೇಕು?”

ಅವನು ಯೋಚಿಸಿದ. ಎವ್ಲಿನ್ ಅವನ ಅಪ್ಪನ ಜೊತೆ ಇದ್ದವಳು, ಮದುವೆ ಆಗಿರಲಿಲ್ಲ. ಅಪ್ಪ ಒಂದು ದಿನ ಕೆಲಸ ಹುಡುಕುತ್ತೇನೆಂದು ದಕ್ಷಿಣಕ್ಕೆ ಹೋದವನು ತಿರುಗಿ ಬರಲಿಲ್ಲ. ಬಿಟ್ಟುಹೋದ ಹುಡುಗನನ್ನು ಅವಳು ಇಟ್ಟುಕೊಂಡಳು. ಆಸ್ಪತ್ರೆಯ ಬಟ್ಟೆ ಒಗೆದು ಕಾಲೇಜಿಗೆ ಕಳಿಸಿದಳು. ಅವನು ಅವಳನ್ನು ಅಮ್ಮ ಎಂದು ಕರೆದವನಲ್ಲ. ಅವಳೂ ಕರೆಸಿಕೊಳ್ಳಲು ಹೋಗಲಿಲ್ಲ. ಅವಳಿಗೆ ಒಪ್ಪುವ ಪದ ಒಂದಿತ್ತು. ಅದನ್ನು ಈಗಷ್ಟೇ ಒಳಗೆ ಹೊಡೆದುಹಾಕುತ್ತಿದ್ದ.

“ಪರಿಚಯದವನು,” ಎಂದ.

“ಹಾಗಾದ್ರೆ ನಿಮ್ಮ ಸಹಿ ನಡೆಯೋಲ್ಲ. ಯಾರೂ ಬರದಿದ್ರೆ ಸರ್ಕಾರದೋರೇ ಸುಡ್ತಾರೆ.”

“ಸರಿ.”

ಹೆಂಗಸು ಪದಗಳ ವಿಷಯದಲ್ಲಿ ಖಡಕ್ಕಾಗಿದ್ದಳು. ಅದು ಅವನಿಗೆ ಹಿಡಿಸಿತು. ಹಿಡಿಸಿತಲ್ಲ ಎಂದು ಒಂದು ಕ್ಷಣ ಹೆದರಿಕೆಯೂ ಆಯಿತು.

ಡೊಲೋರೆಸ್ ಕಾಫಿಗೆಂದು ಹೊರಗೆ ಬಂದಿದ್ದಳು. ಹಿಂದೆ ಇಬ್ಬರೂ ಒಂದೇ ಶಾಲೆಯಲ್ಲಿ ಚರಿತ್ರೆ ಹೇಳುತ್ತಿದ್ದವರು, ಒಟ್ಟಿಗೆ ಮುಷ್ಕರಕ್ಕೆ ನಿಂತವರು. ಆಗ ಎವ್ಲಿನ್ ಹಿಮದಲ್ಲಿ ನಡೆದುಬಂದು ಎಲ್ಲರಿಗೂ ಬಿಸಿ ಸೂಪು ಬಡಿಸಿದ್ದಳು.

“ಯಾರದು ಫೋನು?”

“ನಲ್ಲಿ ರಿಪೇರಿಯೋನು. ಮನೇಲಿ ಸೋರ್ತಿದೆ.”

“ನಿನ್ನ ಮುಖ ನೋಡಿದ್ರೆ ಮನೆಯೇ ಮುಳುಗಿದ ಹಾಗಿದೆ ಮಾರಾಯ.” ಅವಳು ಲೋಟ ಊದಿದಳು. “ಎವ್ಲಿನ್ ಹೇಗಿದಾರೆ?”

“ಹಾಗೇ ಇದಾರೆ.”

“ಕೇಳ್ದೆ ಅಂತ ಹೇಳು.”

“ಹೇಳ್ತೀನಿ.”

ಆ ಪದವನ್ನು ಅವನು ಕೊಟ್ಟುಬಿಡಬಹುದಿತ್ತು. ಸಂಘದವರು ಹಟ ಹಿಡಿದರೆ ಕೊಡು, ನಮಗೇನೂ ನಷ್ಟವಿಲ್ಲ ಎಂದು ಮಂಡಳಿಯವರೇ ಹೇಳಿ ಕಳಿಸಿದ್ದರು. ಆದರೆ ಕೊಟ್ಟರೆ ಆ ಪದ ಇರುತ್ತದೆ. ರಜೆಯ ಪಟ್ಟಿ ಮಂಡಳಿಯ ನೌಕರರಿಗೂ ಅದೇ. ಇದ್ದರೆ ನಾಳೆ ಅವನೂ ರಜೆ ಹಾಕಿ ಮನೆಯಲ್ಲಿ ಕೂರಬೇಕಾಗುತ್ತದೆ. ಕೂತು ಏನು ಮಾಡುವುದೆಂದು ಅವನಿಗೆ ಗೊತ್ತಿರಲಿಲ್ಲ.

“ಊಟದ ಹೊತ್ತಲ್ಲಿ ಮಕ್ಕಳನ್ನ ಕಾಯೋ ಕೆಲಸ ನಿಮ್ಮಿಂದ ತೆಗೀತೀವಿ,” ಎಂದ, ಮತ್ತೆ ಕೂತಾಗ. “ಆ ಪದ ಬಿಟ್ಟುಬಿಡಿ.”

ಶಿಕ್ಷಕರು ಎಷ್ಟೋ ವರ್ಷದಿಂದ ಕೇಳುತ್ತಿದ್ದ ಸೌಲಭ್ಯ ಅದು. ಡೊಲೋರೆಸ್ ಟೆಸ್ ಕಡೆ ನೋಡಿದಳು. ಟೆಸ್ ಕಿಟಕಿಯ ಕಡೆ ನೋಡುತ್ತಿದ್ದಳು.

“ಆಗಲಿ,” ಎಂದಳು ಡೊಲೋರೆಸ್. ಅವಳ ದನಿಯಲ್ಲಿ ಕೋಪವಿರಲಿಲ್ಲ, ಬರೀ ದಣಿವು. ಅವನು ಪದದ ಮೇಲೆ ಅಡ್ಡಗೆರೆ ಎಳೆದ. ಇಬ್ಬರೂ ಪಕ್ಕದಲ್ಲಿ ಹೆಸರಿನ ಮೊದಲಕ್ಷರ ಬರೆದರು. ಕೈಕುಲುಕಿದರು.

ಟೆಸ್ ಕೈ ಕೊಡಲಿಲ್ಲ. ಪುಟ್ಟ ಕುರ್ಚಿಗಳನ್ನು ಒಂದೊಂದಾಗಿ ಮೇಜಿನ ಮೇಲೆ ಮಗುಚಿಡುತ್ತಿದ್ದವಳು ತಿರುಗದೆಯೇ ಕೇಳಿದಳು:

“ನಿಮ್ಮನ್ನ ಯಾರು ಸಾಕಿದ್ದು, ಮಿಸ್ಟರ್ ಹೋಲೆಕ್?”

“ಮನೆಯವರು,” ಎಂದ.

ಅವಳು ತಲೆಯಾಡಿಸಿದಳು, ಉತ್ತರ ಸಾಕೆಂಬಂತೆ.

ಕಾರು ಹತ್ತಿದಾಗ ಬಿಸಿಲಿಗೆ ಬಣ್ಣವೇ ಇರಲಿಲ್ಲ. ಮುಂದಿನ ತಿರುವಿನಲ್ಲಿ ಎಡಕ್ಕೆ ಹೋದರೆ ವೃದ್ಧಾಶ್ರಮ, ಬಲಕ್ಕೆ ಹೋದರೆ ಮನೆ. ಅಷ್ಟರಲ್ಲಿ ಮುಂದಿದ್ದ ಶಾಲೆಯ ಹಳದಿ ಬಸ್ಸು ನಿಂತಿತು. ಕೆಂಪು ದೀಪಗಳು ಮಿನುಗತೊಡಗಿದವು. ಬಸ್ಸಿನ ಮಗ್ಗುಲಿಂದ ‘ನಿಲ್ಲಿ’ ಎಂಬ ಫಲಕ ಹೊರಚಾಚಿತು. ಅದು ಮಡಚಿಕೊಳ್ಳುವ ತನಕ ಯಾರೂ ಬಸ್ಸನ್ನು ದಾಟುವಂತಿಲ್ಲ. ರಸ್ತೆಯ ಎರಡೂ ಕಡೆ ಕಾರುಗಳು ಸಾಲಾಗಿ ನಿಂತವು.

ಬಾಗಿಲು ತೆರೆಯಿತು. ಕೆಳಗಿನ ಮೆಟ್ಟಿಲ ಮೇಲೆ ಒಂದು ಪುಟ್ಟ ಹುಡುಗಿ. ಅಷ್ಟು ಚಿಕ್ಕವರನ್ನು ಕರೆದುಕೊಳ್ಳಲು ಯಾರಾದರೂ ಬಂದು ನಿಂತಿರಬೇಕು, ಇಲ್ಲದಿದ್ದರೆ ಇಳಿಸುವಂತಿಲ್ಲ. ಹಾದಿಬದಿಯಲ್ಲಿ ಕೊಳೆಯಾದ ಹಿಮ ಬಿಟ್ಟರೆ ಏನೂ ಇರಲಿಲ್ಲ. ಚಾಲಕಿ ಹುಡುಗಿಯ ಎದೆಗೆ ಅಡ್ಡವಾಗಿ ಕೈ ಹಿಡಿದು, ಬೀದಿಯ ಆ ತುದಿ ನೋಡಿದಳು, ಈ ತುದಿ ನೋಡಿದಳು.

ಯಾರೂ ಹಾರ್ನ್ ಹೊಡೆಯಲಿಲ್ಲ. ಹುಡುಗಿ ಒಂದು ಕಾಲನ್ನು ಗಾಳಿಯಲ್ಲಿ ಇಳಿಬಿಟ್ಟುಕೊಂಡೇ ನಿಂತಿದ್ದಳು.