ಅತ್ತಿಗೆಯ ಡಬ್ಬಿ

ಹದಿನಾಲ್ಕು ವರ್ಷ ನಾನು ಮಧ್ಯಾಹ್ನದ ಹೊತ್ತು ನನ್ನ ಕೈಯಡುಗೆ ಉಂಡವಳಲ್ಲ. ಅತ್ತಿಗೆ ತಂದ ಡಬ್ಬಿ ನನಗೆ, ನಾನು ತಂದದ್ದು ಅವಳಿಗೆ. ನಮ್ಮ ಹೊಲಿಗೆ ಅಂಗಡಿ ಶುರುವಾದ ಮೊದಲ ವಾರ ಕೈತಪ್ಪಿ ಅವಳ ಡಬ್ಬಿಯನ್ನು ನಾನು ಬಿಚ್ಚಿ ಎರಡು ತುತ್ತು ಉಂಡೂಬಿಟ್ಟಿದ್ದೆ. ಅತ್ತಿಗೆ ನಕ್ಕು, "ಉಣ್ಣು ಉಣ್ಣು, ನಾನು ಮಾಡಿದ್ದರ ರುಚಿ ನನಗೆ ಗೊತ್ತಿರೋದೇ. ನಿಂದು ಕೊಡು ಇಲ್ಲಿ" ಅಂದಳು. ಮಾರನೆಯ ದಿನ ಇಬ್ಬರೂ ಕೇಳದೆಯೇ ಡಬ್ಬಿ ಬದಲಿಸಿಕೊಂಡೆವು. ಆಮೇಲೆ ಅದೇ ನಿಯಮವಾಯಿತು. ಒಂದು ಗಂಟೆಗೆ ಕತ್ತರಿಸುವ ಮೇಜಿನ ಮೇಲಿನ ಬಟ್ಟೆ ಸರಿಸಿ, ಹಳೆಯ ಅಳತೆ ಕಾಗದ ಹಾಸಿ, ಎದುರುಬದುರು ಕೂರುತ್ತಿದ್ದೆವು.

ಕತ್ತರಿಸುವುದು, ಮಿಷನ್ನಿನ ಹೊಲಿಗೆ ನನ್ನದು. ಕಾಜಾ, ಹೆಮ್ಮಿಂಗು, ಗುಂಡಿ, ಕೈಯಲ್ಲಿ ಮಾಡುವ ನಾಜೂಕಿನ ಕೆಲಸವೆಲ್ಲ ಅತ್ತಿಗೆಯದು. ಅವಳು ನನ್ನ ಅಣ್ಣನ ಹೆಂಡತಿ, ನನಗಿಂತ ಏಳು ವರ್ಷ ದೊಡ್ಡವಳು. ಅಣ್ಣ ಹೋಗಿ ಆರು ವರ್ಷವಾಯಿತು. ಕೆಲಸ ಮಾಡುವ ಕಟ್ಟಡದ ಮೆಟ್ಟಿಲು ಹತ್ತುತ್ತಾ ಎದೆ ಹಿಡಿದುಕೊಂಡು ಕೂತವನು ಏಳಲೇ ಇಲ್ಲ. ಆಗ ಅವನಿಗೆ ಐವತ್ತೆರಡು. ಹನ್ನೊಂದು ದಿನ ಅಂಗಡಿ ಮುಚ್ಚಿದ್ದೆವು. ಹನ್ನೆರಡನೆಯ ದಿನ ಅತ್ತಿಗೆ ಎರಡು ಹೊತ್ತಿನ ಅಡುಗೆ ಮಾಡಿ, ಡಬ್ಬಿ ತುಂಬಿಕೊಂಡು ಬಂದು, ನನ್ನ ಮುಂದಿಟ್ಟು, "ಉಣ್ಣು" ಅಂದಳು. ಅಷ್ಟೇ. ನಾವಿಬ್ಬರೂ ಅಣ್ಣನಿಗಾಗಿ ಜೊತೆಯಲ್ಲಿ ಅತ್ತಿದ್ದು ಆ ಊಟದ ಮುಂದೆ.

ಕಳೆದ ವರ್ಷ ನನಗೂ ಮೆಟ್ಟಿಲು ಹತ್ತಿದರೆ ಉಸಿರು ಸಾಲದಾಯಿತು. ಡಾಕ್ಟರು ರಕ್ತ ಪರೀಕ್ಷೆಯ ಕಾಗದ ನೋಡಿ, ಕನ್ನಡಕ ತೆಗೆದು, "ಮನೆಯಲ್ಲಿ ಯಾರಿಗಾದರೂ ಹೃದಯದ ತೊಂದರೆ ಇತ್ತಾ?" ಎಂದು ಕೇಳಿದರು. ನಾನು ಅಣ್ಣ ಅಂದೆ. ಅವತ್ತೇ ಮಾಂಸ, ಮೀನು, ಮೊಟ್ಟೆ, ಹಾಲು, ಬೆಣ್ಣೆ ಎಲ್ಲಕ್ಕೂ ಕೈಮುಗಿದೆ. ಬೆಳಿಗ್ಗೆ ಹಣ್ಣು. ಮಧ್ಯಾಹ್ನ ಅನ್ನ, ಬೇಯಿಸಿದ ಕಾಳು, ಸೊಪ್ಪು. ರಾತ್ರಿ ತರಕಾರಿ ಸಾರು, ಒಂದು ತುಂಡು ಬ್ರೆಡ್ಡು. ಡಾಕ್ಟರು ಅಷ್ಟೆಲ್ಲ ಹೇಳಿರಲಿಲ್ಲ. ಕಡಿಮೆ ಮಾಡಿ ಅಂದಿದ್ದರು. ನಾನು ಹೆದರಿದ್ದೆ, ಹೆದರಿದವಳಿಗೆ ಅರ್ಧಂಬರ್ಧ ಸಾಲುವುದಿಲ್ಲ.

ಅತ್ತಿಗೆಗೆ ಹೇಳುವಾಗ ಸಂಕೋಚವಾಯಿತು. "ಇನ್ನು ಡಬ್ಬಿ ಅದಲು ಬದಲು ಬೇಡ ಅತ್ತಿಗೆ. ನಿನಗೆ ಯಾಕೆ ತೊಂದರೆ?"

"ಯಾಕೆ, ನಾನು ಮಾಡಿದ ಕಾಳು ಬೇಯಲ್ವಾ?" ಅಂದಳು. "ನಿನಗೆ ಏನು ಆಗತ್ತೋ ಹೇಳು, ಅದನ್ನೇ ಮಾಡ್ತೀನಿ. ಒಂದು ಪಾತ್ರೆ ಬೇರೆ ಇಟ್ಟರಾಯ್ತು."

ಹಾಗೇ ಮಾಡಿದಳು. ಜೊತೆಗೆ ಬಾಯಿಗೂ ಬಿಡುವು ಕೊಡಲಿಲ್ಲ. ನಾನು ಹನ್ನೊಂದು ಗಂಟೆಗೆ ಕರಬೂಜ ಹೆಚ್ಚಿಕೊಂಡು ಕೂತರೆ, "ಬೆಳಿಗ್ಗೆ ಹಣ್ಣು, ಈಗ ಹಣ್ಣು. ಇನ್ನೊಂದು ತಿಂಗಳಿಗೆ ಕುರ್ಚಿ ಬಿಟ್ಟು ಮರದ ಮೇಲೆ ಕೂತ್ಕೋತೀಯ ನೋಡು" ಅನ್ನುತ್ತಿದ್ದಳು. ನನ್ನ ಡಬ್ಬಿಯ ಸೊಪ್ಪು ಉಣ್ಣುತ್ತಾ, "ನನ್ನ ಹಣೆ ಮುಟ್ಟಿ ನೋಡೇ, ಕೋಡು ಮೂಡ್ತಿದೆಯಾ?" ಎಂದು ಕೇಳುತ್ತಿದ್ದಳು. ಮೆಲ್ಲಗೆ ಹಣ್ಣಿನ ತಟ್ಟೆ ತನ್ನ ಕಡೆ ಎಳೆದುಕೊಂಡು ಬೀಜಗಳನ್ನೆಲ್ಲ ಒಂದು ತುಂಡು ಬಟ್ಟೆಯಲ್ಲಿ ಕಟ್ಟಿಕೊಳ್ಳುತ್ತಿದ್ದಳು. ಏನಕ್ಕೆ ಎಂದು ಕೇಳಿದರೆ, "ಬಿತ್ತಕ್ಕೆ" ಅನ್ನುವಳು. ಅವಳ ಮನೆಯಲ್ಲಿ ಬಿತ್ತಲು ಅಂಗೈಯಗಲ ಮಣ್ಣೂ ಇರಲಿಲ್ಲ. ನಾನು ಅದನ್ನು ಯೋಚಿಸಲಿಲ್ಲ.

ಯೋಚಿಸುವಷ್ಟು ವ್ಯವಧಾನ ನನಗಿರಲಿಲ್ಲ. ಮೂರು ತಿಂಗಳಲ್ಲಿ ಸೊಂಟದ ಪಟ್ಟಿ ಎರಡು ಬೆರಳು ಸಡಿಲವಾಗಿತ್ತು, ಮೆಟ್ಟಿಲು ಹತ್ತಿದರೆ ಏದುಸಿರಿರಲಿಲ್ಲ. ದೇಹ ಹಗುರಾದಷ್ಟೂ ನನ್ನ ಮಾತು ಭಾರವಾಯಿತು. ಅಳತೆ ಕೊಡಲು ಬಂದವರಿಗೆಲ್ಲ ಬೆಣ್ಣೆಯ ಕೆಡುಕನ್ನು ಹೇಳತೊಡಗಿದೆ. ಅತ್ತಿಗೆಯ ಡಬ್ಬಿ ಬಿಚ್ಚುವಾಗ ದಿನಾ ಒಂದು ವಿಚಾರಣೆ. "ಬೇರೆ ಪಾತ್ರೆಯಲ್ಲೇ ಮಾಡಿದೆ ತಾನೇ?" "ಸೌಟು ಅದರಲ್ಲಿ ಅದ್ದಿ ಇದರಲ್ಲಿ ಅದ್ದಲಿಲ್ಲ ತಾನೇ?" ಮೊದಮೊದಲು ಅವಳು ತಮಾಷೆಯಾಗಿ ಉತ್ತರ ಕೊಡುತ್ತಿದ್ದಳು. ಆಮೇಲಾಮೇಲೆ, "ಹೂಂ ಕಣೇ, ಹೂಂ" ಅಷ್ಟೇ.

ಆ ದಿನ ಬಂದದ್ದು ಹೀಗೆ. ನಾನು ಡಬ್ಬಿ ಬಿಚ್ಚಿ ಒಂದು ತುತ್ತು ಬಾಯಿಗಿಟ್ಟಿದ್ದೆ, ಅಷ್ಟರಲ್ಲಿ ಹೈಸ್ಕೂಲಿನ ಹೆಡ್‌ಮಿಸ್ಸು ಬಂದರು. ಮಕ್ಕಳ ಊಟದ ಬಿಡುವಿನಲ್ಲಿ ಕೋಟು ಹಾಕಿ ನೋಡಿಕೊಂಡು ಓಡಬೇಕಿತ್ತು ಅವರಿಗೆ. ನಾನು ಕೈ ತೊಳೆದು ಎದ್ದೆ. ಅರ್ಧ ಹೊಲಿದ ಕೋಟು ತೊಡಿಸಿ, ತೋಳಿಗೆ, ಸೊಂಟಕ್ಕೆ ಗುಂಡುಪಿನ್ನು ಚುಚ್ಚುತ್ತಾ ನಿಂತೆ. ಬಾಯಲ್ಲಿ ಇನ್ನೂ ಆ ತುತ್ತಿನ ರುಚಿ. ಮಂದವಾದ, ನಯವಾದ, ನಾಲಿಗೆಗೆ ಅಂಟಿಕೊಂಡಂತೆ ಇರುವ ರುಚಿ. ಮೂರು ತಿಂಗಳಿಂದ ನಾನು ಮರೆಯಲು ಹೆಣಗುತ್ತಿದ್ದ ರುಚಿ.

"ಹೇಗಿದೆ ಇವತ್ತಿನ ಕಾಳು?" ಎಂದಳು ಅತ್ತಿಗೆ ಕೂತಲ್ಲಿಂದಲೇ. ಮುಖದಲ್ಲಿ ನಗು.

ನಾನು ಬಾಯಲ್ಲಿ ಕಚ್ಚಿದ್ದ ಎರಡು ಪಿನ್ನು ತೆಗೆದೆ. "ಕೆನೆ ಹಾಕಿದ್ದೀಯಾ?"

"ಇಲ್ಲ."

"ಅತ್ತಿಗೆ, ಕೆನೆ ಇದೆ ಇದರಲ್ಲಿ. ನನ್ನ ನಾಲಿಗೆ ಸತ್ತಿಲ್ಲ."

"ಇಲ್ಲ ಅಂದೆನಲ್ಲ. ಏನಿದೆ ಅಂತ ಹೇಳು ನೋಡೋಣ." ಮಕ್ಕಳಿಗೆ ಒಗಟು ಹಾಕುವವಳ ಹಾಗೆ ಅಂದಳು. ಆ ನಗು ನನ್ನ ಮೈ ಉರಿಸಿತು.

"ಆಟ ಆಡ್ಬೇಡ. ನಮ್ಮಣ್ಣನಿಗೂ ಹೀಗೇ ತಿನ್ನಿಸಿ ತಿನ್ನಿಸಿ ಕಳಿಸಿದೆ. ನನ್ನನ್ನೂ ಕಳಿಸ್ಬೇಕು ಅಂತ ಮಾಡಿದ್ದೀಯಾ?"

ಹೆಡ್‌ಮಿಸ್ಸು ಕೈ ಎರಡೂ ಚಾಚಿ ನಿಂತಿದ್ದರು. ಮೈತುಂಬ ಪಿನ್ನು, ಅಲುಗಾಡುವಂತಿರಲಿಲ್ಲ, ಹೊರಗೆ ಹೋಗುವಂತಿರಲಿಲ್ಲ. ಕಣ್ಣು ಮಾತ್ರ ಗೋಡೆಯ ಕಡೆ ತಿರುಗಿಸಿದರು. ಅತ್ತಿಗೆ ನನ್ನ ಡಬ್ಬಿಯಿಂದ ತೆಗೆದ ತುತ್ತು ಕೈಯಲ್ಲೇ ಇತ್ತು. ಅದನ್ನು ಮೆಲ್ಲಗೆ ಡಬ್ಬಿಗೆ ಹಾಕಿ, ಮುಚ್ಚಳ ಮುಚ್ಚಿ, ಕೈ ತೊಳೆದುಕೊಂಡು ಬಂದು, ಸೂಜಿಗೆ ದಾರ ಪೋಣಿಸಲು ಕೂತಳು. ದಾರ ಸೂಜಿಯ ಕಣ್ಣಿಗೆ ಹೋಗಲು ಬಹಳ ಹೊತ್ತು ಹಿಡಿಯಿತು.

ಆ ಮಾತು ಸುಳ್ಳೆಂದು ನನಗೆ ಗೊತ್ತಿತ್ತು. ನನ್ನನ್ನು ನಾನು ಕ್ಷಮಿಸಿಕೊಳ್ಳಲಾಗದೆ ಇರುವುದು ಇದಕ್ಕೇ. ಅಣ್ಣನ ಬಾಯಿಚಪಲ ಹುಟ್ಟಿನಿಂದ ಬಂದದ್ದು, ನಮ್ಮಮ್ಮನಿಗೇ ತಿದ್ದಲಾಗಿರಲಿಲ್ಲ. ಅತ್ತಿಗೆ ಬೆಣ್ಣೆ ಬಚ್ಚಿಟ್ಟರೆ ಅವನು ಹುಡುಕಿ ತೆಗೆದು ತಿನ್ನುತ್ತಿದ್ದ. ಮನೆಯಲ್ಲಿ ಸಿಗದಿದ್ದರೆ ಬೀದಿಯಲ್ಲಿ ಕರಿದದ್ದು ತಿಂದು ಬರುತ್ತಿದ್ದ. ಸಿಗರೇಟು ಬೇರೆ. "ನೀನಾದರೂ ಹೇಳೇ, ತಂಗಿ ಮಾತು ಕೇಳ್ತಾರೆ" ಎಂದು ಅತ್ತಿಗೆ ನನ್ನನ್ನು ಎಷ್ಟು ಸಲ ಬೇಡಿಕೊಂಡಿದ್ದಳು! ನಾನು ಒಮ್ಮೆಯೂ ಹೇಳಿರಲಿಲ್ಲ. ಅಣ್ಣನ ಜೊತೆ ಕೂತು ನಾನೂ ತಿಂದಿದ್ದೆ.

ಮಾರನೆಯ ದಿನ ಅತ್ತಿಗೆ ಎಂದಿನ ಹೊತ್ತಿಗೇ ಬಂದಳು. ಒಂದು ಗಂಟೆಗೆ ತನ್ನ ಡಬ್ಬಿ ತೆಗೆದುಕೊಂಡು ಹಿಂದಿನ ಕೋಣೆಗೆ, ಇಸ್ತ್ರಿ ಮೇಜಿನ ಹತ್ತಿರ ಹೋದಳು. "ನೀವು ಊಟ ಮಾಡಿ" ಎಂದಳು ಹೋಗುವಾಗ. ಹದಿನಾಲ್ಕು ವರ್ಷ 'ಏನೇ, ಬಾರೇ' ಎನ್ನುತ್ತಿದ್ದವಳು. ನಾನು ಆಗಲೂ ಬಾಗಲಿಲ್ಲ. ತಪ್ಪು ಮಾಡಿದವಳು ಅವಳು, ಕೆನೆ ಹಾಕಿದವಳು ಅವಳು ಎಂದುಕೊಂಡು ನನ್ನ ಡಬ್ಬಿಯನ್ನು ನಾನೇ ಬಿಚ್ಚಿದೆ. ನನ್ನ ಅಡುಗೆ ಅಷ್ಟು ಸಪ್ಪೆ ಎಂದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಅವಳು ಅದನ್ನು ಹದಿನಾಲ್ಕು ವರ್ಷ ಉಂಡಿದ್ದಳು.

ಎಂಟು ದಿನವಾದ ಮೇಲೆ ಅಣ್ಣನ ಮಗಳು ಬಂದಳು. ಔಷಧಿ ಅಂಗಡಿಯಲ್ಲಿ ಕೆಲಸ ಅವಳಿಗೆ, ನೇರ ಮಾತು. ಅತ್ತಿಗೆ ಗುಂಡಿ ತರಲು ಹೊರಗೆ ಹೋಗಿದ್ದಳು.

"ಅತ್ತೆ, ಅಮ್ಮನಿಗೂ ನಿಮಗೂ ಏನಾಯ್ತು? ಮನೇಲಿ ಬಾಯೇ ಬಿಡ್ತಿಲ್ಲ."

"ಅವಳನ್ನೇ ಕೇಳು. ಕಾಳಿಗೆ ಕೆನೆ ಹಾಕಿ, ಇಲ್ಲ ಅಂತ ಸಾಧಿಸಿದಳು."

ಅವಳು ನನ್ನನ್ನೇ ನೋಡಿದಳು. "ಕೆನೆನಾ? ಅತ್ತೆ, ಅದು ಕರಬೂಜದ ಬೀಜ. ನೀವು ಬಿಸಾಕ್ತಿದ್ದ ಬೀಜ. ಅಮ್ಮ ತೊಳೆದು, ಒಣಗಿಸಿ, ಒಂದೊಂದೇ ಸಿಪ್ಪೆ ಬಿಡಿಸಿ, ನೆನೆಹಾಕಿ ರುಬ್ಬಿದ್ದು. ಒಂದು ಬಟ್ಟಲು ಬೀಜ ಬಿಡಿಸಕ್ಕೆ ಹತ್ತು ದಿನ ಆಯ್ತು, ಉಗುರೆಲ್ಲ ಕಿತ್ತು ಬಂದಿತ್ತು. ಯಾಕಮ್ಮಾ ಈ ಕರ್ಮ ಅಂದ್ರೆ, 'ಪಾಪ, ಅವಳಿಗೆ ಕೆನೆ ಅಂದ್ರೆ ಪ್ರಾಣ, ಹೆದರ್ಕೊಂಡು ಬಿಟ್ಟಿದ್ದಾಳೆ' ಅಂದ್ಳು."

ನನ್ನ ಕೈಯಲ್ಲಿದ್ದ ಕತ್ತರಿಯನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಅತ್ತಿಗೆಯದು ಕಾಜಾ ಮಾಡುವ ಬೆರಳುಗಳು. ಜಗಳದ ಹಿಂದಿನ ವಾರವೆಲ್ಲ ಅವಳು ಬೆರಳಿಗೆ ಪಟ್ಟಿ ಸುತ್ತಿಕೊಂಡು ಹೊಲಿಯುತ್ತಿದ್ದುದನ್ನು ನಾನು ಕಂಡಿದ್ದೆ. ಸೂಜಿ ಚುಚ್ಚಿರಬೇಕು ಎಂದುಕೊಂಡಿದ್ದೆ.

ಸಂಜೆ ಅವಳ ಮನೆಗೆ ಹೋದೆ. ಅತ್ತಿಗೆ ಬಟ್ಟೆ ಮಡಿಸುತ್ತಿದ್ದಳು. ನಾನು ಕೂರಲೂ ಇಲ್ಲ.

"ತಪ್ಪಾಯ್ತು ಅತ್ತಿಗೆ. ಬೀಜ ಅಂತ ನನಗೆ ಗೊತ್ತಿರಲಿಲ್ಲ."

"ಗೊತ್ತಿರಬೇಕು ಅಂತ ಏನಿಲ್ಲ ಬಿಡು. ಕೆನೆ ಹಾಗೇ ಅನ್ನಿಸ್ತಲ್ಲ, ಅಷ್ಟು ಚೆನ್ನಾಗಿ ಬಂದಿತ್ತು ಅಂತಾಯ್ತು." ದಿಂಬಿನ ಚೀಲ ಮಡಿಸಿಟ್ಟಳು. 'ಬಿಡಿ' ಅನ್ನದೆ 'ಬಿಡು' ಅಂದಳಲ್ಲ ಎಂದು ನನಗೆ ಸ್ವಲ್ಪ ಧೈರ್ಯ ಬಂತು.

"ಅಣ್ಣನ ವಿಷಯ ಆಡಬಾರದಿತ್ತು. ಬಾಯಿಗೆ ಬಂದಂತೆ ಅಂದುಬಿಟ್ಟೆ. ಮನಸ್ಸಲ್ಲಿ ಇರಲಿಲ್ಲ."

ಅವಳು ಮಡಿಸುವುದನ್ನು ನಿಲ್ಲಿಸಿದಳು. "ಇಲ್ಲದ್ದು ಬಾಯಿಗೆ ಎಲ್ಲಿಂದ ಬರತ್ತೆ ಹೇಳು? ಸಿಟ್ಟು ಮಾಡ್ಕೊಂಡು ಹೇಳ್ತಿಲ್ಲ ನಾನು. ಆ ಮಾತನ್ನ ನನಗೆ ನಾನೇ ಎಷ್ಟು ಸಲ ಅಂದ್ಕೊಂಡಿದ್ದೀನಿ ಗೊತ್ತಾ? ಆರು ವರ್ಷದಿಂದ ಒಲೆ ಹಚ್ಚಿದಾಗೆಲ್ಲ ಅಂದ್ಕೊಂಡಿದ್ದೀನಿ. ಒಂದು ಹಿಡಿ ಕಡಿಮೆ ಬಡಿಸಿದ್ರೆ ಇರ್ತಿದ್ರೇನೋ ಅಂತ. ಆದ್ರೆ ನೀನು ದಿನಾ ನನ್ನ ಡಬ್ಬಿ ಬಿಚ್ಚಿ ಉಣ್ತಿದ್ದೆ. ಅವರ ತಂಗಿಯೇ ನನ್ನ ಕೈಯಡುಗೆ ಉಣ್ತಾಳೆ ಅಂದ್ಮೇಲೆ ನಂದು ತಪ್ಪಿರಲಿಕ್ಕಿಲ್ಲ ಅಂತ ಸಮಾಧಾನ ಮಾಡ್ಕೊಳ್ತಿದ್ದೆ."

ನಾನು ಅತ್ತುಬಿಟ್ಟೆ. ಅವಳು ನನ್ನ ಬೆನ್ನು ಸವರಿದಳು, ನೀರು ತಂದುಕೊಟ್ಟಳು. ಎಲ್ಲ ಸರಿಹೋಯಿತು ಎಂದುಕೊಂಡು ಮನೆಗೆ ಬಂದು, ಮಾರನೆಯ ದಿನ ಹುಮ್ಮಸ್ಸಿನಿಂದ ಅಡುಗೆ ಮಾಡಿದೆ. ಒಂದು ಗಂಟೆಗೆ ನನ್ನ ಡಬ್ಬಿಯನ್ನು ಅವಳ ಮುಂದಿಟ್ಟು ಕೈ ಚಾಚಿದೆ.

"ಬೇಡ" ಅಂದಳು ಮೆಲ್ಲಗೆ. "ಇನ್ನೊಬ್ಬರಿಗೆ ಬಡಿಸಕ್ಕೆ ನನಗೆ ಕೈ ಬರಲ್ಲ ಈಗ. ಮಗಳಿಗೂ ನೀನೇ ಹಾಕ್ಕೊಳ್ಳಮ್ಮ ಅಂತೀನಿ."

ಈಗ ಇಬ್ಬರೂ ಮೇಜಿಗೇ ಕೂರುತ್ತೇವೆ. ಹಿಂದಿನ ಕೋಣೆಗೆ ಅವಳು ಹೋಗುವುದಿಲ್ಲ, ಅಷ್ಟು ದೊಡ್ಡ ಮನಸ್ಸು ಅವಳದು. ಅವಳ ಡಬ್ಬಿ ಅವಳಿಗೆ, ನನ್ನದು ನನಗೆ. ಮಳೆಯ ವಿಷಯ, ಗಿರಾಕಿಗಳ ವಿಷಯ ಮಾತಾಡುತ್ತೇವೆ. ಹೆಡ್‌ಮಿಸ್ಸು ಮತ್ತೆ ನಮ್ಮಲ್ಲಿಗೆ ಬರಲಿಲ್ಲ, ಕೋಟಿಗೆ ಆಳು ಕಳಿಸಿದರು.

ಮೊನ್ನೆ ಅವಳ ಡಬ್ಬಿಯೊಳಗೆ ಕಣ್ಣು ಹೋಯಿತು. ಬರೀ ಅನ್ನ, ಉಪ್ಪುನೀರಿನಲ್ಲಿ ಬೇಯಿಸಿದ ಹುರುಳಿಕಾಯಿ. ಮೊಟ್ಟೆಯಿಲ್ಲ, ಬೆಣ್ಣೆಯ ಹೊಳಪಿಲ್ಲ. ಬೆಣ್ಣೆಯಿಲ್ಲದೆ ಬ್ರೆಡ್ಡು ಮುಟ್ಟದವಳು ಅವಳು.

"ನೀನ್ಯಾಕೆ ಬಿಟ್ಟೆ ಅತ್ತಿಗೆ? ನಿನಗೇನಾಗಿದೆ?"

"ಏನಿಲ್ಲ. ಸೇರಲ್ಲ ಈಚೆಗೆ."

ನನ್ನ ಊಟ ಭಯ ಬಿಡಿಸಿದ ಊಟ. ಕಾಳು, ಸೊಪ್ಪು, ಹಣ್ಣು ನನಗೆ ಉಸಿರು ಕೊಟ್ಟಿವೆ, ಅದನ್ನು ಅಲ್ಲಗಳೆಯಲಾರೆ. ಅವಳು ಉಣ್ಣುತ್ತಿದ್ದುದೂ ಕಣ್ಣಿಗೆ ಅದೇ ಊಟ. ಆದರೆ ಅದು ಶಿಕ್ಷೆಯ ಊಟ, ವಿಧಿಸಿದವಳು ನಾನು.

ಇವತ್ತು ಬೆಳಿಗ್ಗೆ ಅಂಗಡಿಗೆ ಬರುವ ದಾರಿಯಲ್ಲಿ ಬೆಣ್ಣೆ ಕೊಂಡೆ. ಒಂದು ವರ್ಷವಾಗಿತ್ತು ಅದನ್ನು ಕೈಯಲ್ಲಿ ಹಿಡಿದು. ಬೇಕರಿಯಿಂದ ತಂದ ಬಿಸಿ ಬ್ರೆಡ್ಡಿನ ಮೇಲೆ ಎರಡೂ ಬದಿ ಸವರಿ, ಅಂಚಿನವರೆಗೂ ಸವರಿ, ತಟ್ಟೆಯಲ್ಲಿಟ್ಟು ಅವಳ ಮುಂದೆ ತಂದೆ.

"ಒಂದು ತುತ್ತು ತಿನ್ನು ಅತ್ತಿಗೆ. ನನಗೋಸ್ಕರ."

ಅವಳು ತಟ್ಟೆ ನೋಡಿದಳು, ನನ್ನನ್ನು ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. ಹಿಂದಿನಂತೆ 'ಮರದಿಂದ ಇಳಿದೆಯಾ?' ಎಂದು ಅಣಕಿಸಿದ್ದರೆ ನಾನು ಅಲ್ಲೇ ಕುಣಿದುಬಿಡುತ್ತಿದ್ದೆ. ಅವಳು ಕೈಯಲ್ಲಿದ್ದ ಯೂನಿಫಾರ್ಮಿನ ಕಾಜಾ ಮುಗಿಸಿ, ದಾರ ಕಡಿದು, ಮುಂದಿನದನ್ನು ಎತ್ತಿಕೊಂಡಳು.

ನಾನು ತಟ್ಟೆ ಹಿಡಿದುಕೊಂಡು ನಿಂತೇ ಇದ್ದೆ. ಬೆಣ್ಣೆ ಕರಗಿ ಬ್ರೆಡ್ಡಿನೊಳಗೆ ಇಳಿಯುತ್ತಿತ್ತು. ಯಾರೋ ಹೆಂಗಸು ಮಗುವಿನ ಕೈ ಹಿಡಿದುಕೊಂಡು ಬಾಗಿಲಿಗೆ ಬಂದು, ಫ್ರಾಕಿನ ಅಳತೆ ಕೊಡಬೇಕಿತ್ತು ಎಂದಳು. ಅತ್ತಿಗೆ ತಲೆಯೆತ್ತದೆಯೇ ಅಂದಳು:

"ಅದನ್ನ ಮುಚ್ಚಿಡು. ಇರುವೆ ಬರತ್ತೆ."