ಒಂದನೇ ಪ್ಲಗ್ಗಿನ ಗಾಳಿ

ಆದಪ್ಪನ ಅಂಬಾಸಡರ್ ಮೂರನೇ ಸಲ ಢಮ್ ಎಂದಾಗ ಮಸ್ಕಿಯ ಸಿಂಧನೂರು ರಸ್ತೆಯ ಅರ್ಧ ಜನ ತಿರುಗಿ ನೋಡಿದರು. ಉಳಿದರ್ಧ ಜನ ಮೊದಲೆರಡು ಸಲಕ್ಕೇ ನೋಡಿ ಮುಗಿಸಿದ್ದರು. ಹೊಗೆ ಉಗುಳಿದ ಕಾರ್ಬೊರೇಟರಿನ ಮುಂದೆ ರೂಪಾ ಸ್ಪ್ಯಾನರ್ ಹಿಡಿದು ನಿಂತಿದ್ದಳು. ಅವಳಿಗೆ ಅಳುವೇ ಬರುವಂತಾಗಿತ್ತು.

ರೂಪಾ ಗ್ಯಾರೇಜು ಇಟ್ಟು ಮೂರು ತಿಂಗಳು. ಲಿಂಗಸುಗೂರಿನಲ್ಲಿ ಡಿಪ್ಲೊಮಾ ಓದಿ, ಸಿಂಧನೂರಿನ ಒಂದು ಶೋರೂಮಿನಲ್ಲಿ ಎರಡು ವರ್ಷ ದುಡಿದು, ಹಸೀನಾಬೀ ಎಂಬ ಮುದುಕಿಯ ಮನೆಗೆ ಅಂಟಿಕೊಂಡ ಹಳೇ ತಗಡಿನ ಶೆಡ್ಡನ್ನು ಬಾಡಿಗೆಗೆ ಹಿಡಿದಿದ್ದಳು. ಹೆಣ್ಣುಮಗಳೊಬ್ಬಳು ಕಾರು ಬಿಚ್ಚುತ್ತಾಳೆಂದರೆ ನಮ್ಮ ಕಡೆಯವರು ನೋಡಲು ಬರುತ್ತಾರೆ, ಕಾರು ಮಾತ್ರ ತರುವುದಿಲ್ಲ. ಸ್ಕೂಟಿ ಬಂದವು, ಪಂಕ್ಚರ್ ಬಂದವು. ಕಾರು ಅಂತ ಬಂದದ್ದು ಇದೇ ಮೊದಲು. ಸಂತೆಕಲ್ಲೂರಿನ ಆದಪ್ಪ ತನ್ನ ತಂದೆಯ ಕಾಲದ ಬಿಳಿ ಪೆಟ್ರೋಲ್ ಅಂಬಾಸಡರನ್ನು ತಂದು ನಿಲ್ಲಿಸಿ, "ಪ್ಲಗ್ಗಿನ ವೈರು ಹಳೇವಾಗ್ಯಾವ, ಹೊಸಾವು ಹಾಕು ತಂಗಿ" ಎಂದಿದ್ದ. ಅಷ್ಟೇ ಕೆಲಸ. ತನ್ನ ಕಾಲ ಮೇಲೆ ತಾನು ಬಂದ ಕಾರು, ವೈರು ಬದಲಾದ ಮೇಲೆ ಒಲ್ಲೆನೆಂದು ಕೂತಿತು.

"ನಾಕು ಗಂಟೆ ತನಕ ನೋಡ್ತೀನಿ ತಂಗಿ," ಆದಪ್ಪ ಟವೆಲ್ ಕೊಡವಿ ಹೆಗಲಿಗೇರಿಸಿದ. "ಆಮ್ಯಾಲ ಟ್ರ್ಯಾಕ್ಟರ್ ತರಿಸಿ ಲಿಂಗಸುಗೂರಿಗೆ ಎಳಕೊಂಡು ಹೋಗ್ತೀನಿ. ನೀ ಬ್ಯಾಸರ ಮಾಡ್ಕೋಬ್ಯಾಡ."

ಬೇಸರಕ್ಕೆ ಮುಗಿಯುವ ಮಾತೇ ಅದು? ಹಗ್ಗ ಕಟ್ಟಿದ ಅಂಬಾಸಡರ್ ಟ್ರ್ಯಾಕ್ಟರಿನ ಹಿಂದೆ ಬಜಾರದ ನಡುವೆ ಹೊರಟರೆ, ಅದು ಯಾರ ಗ್ಯಾರೇಜಿನಿಂದ ಹೊರಟಿತೆಂಬ ಸುದ್ದಿ ಅದಕ್ಕಿಂತ ಮೊದಲೇ ಬಸ್‌ಸ್ಟ್ಯಾಂಡ್ ಮುಟ್ಟಿರುತ್ತದೆ. ಆಮೇಲೆ ಆ ಶೆಡ್ಡಿಗೆ ಕಾರೇನು, ಸೈಕಲ್ಲೂ ಬರುವುದಿಲ್ಲ. ಆಗಲೇ ಎರಡೂಮುಕ್ಕಾಲು. ಆದಪ್ಪ ಚಹಾದಂಗಡಿಯ ಕಡೆ ನಡೆದ.

ರೂಪಾ ಮತ್ತೆ ಮೊದಲಿನಿಂದ ನೋಡಿದಳು. ಪೆಟ್ರೋಲ್ ಬರುತ್ತಿತ್ತು. ಪ್ಲಗ್ಗಿನ ತುದಿಯಲ್ಲಿ ಕಿಡಿ ನೀಲಿಯಾಗಿ ಹಾರುತ್ತಿತ್ತು. ಒಂದು, ಮೂರು, ನಾಲ್ಕು, ಎರಡು: ನಾಲ್ಕು ಸಿಲಿಂಡರಿಗೆ ಕಿಡಿ ಹೋಗಬೇಕಾದ ಸರದಿ ಅದು, ವೈರುಗಳೂ ಅದೇ ಸರದಿಯಲ್ಲಿ ಕೂತಿದ್ದವು. ಹಳೇ ವೈರುಗಳನ್ನು ಒಟ್ಟಿಗೇ ಕಿತ್ತಾಗ ಯಾವುದು ಎಲ್ಲಿತ್ತೆಂದು ಗುರುತು ಹಾಕಿಕೊಂಡಿರಲಿಲ್ಲ, ನಿಜ. ಅದಕ್ಕೇ ಇಂಜಿನ್ ತಿರುಗಿಸಿ, ಒಂದನೇ ಪಿಸ್ಟನ್ ಮೇಲೇರಿತೆಂದು ತೋರಿಸುವ ಪುಲ್ಲಿಯ ಗೀಟನ್ನು ಅದರ ಗುರುತಿಗೆ ಸರಿಯಾಗಿ ತಂದು, ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನೊಳಗಿನ ರೋಟರ್ ಎತ್ತ ಮುಖ ಮಾಡಿತ್ತೋ ಅಲ್ಲಿಂದ ಒಂದು ಅಂತ ಎಣಿಸಿದ್ದಳು. ಶೋರೂಮಿನಲ್ಲಾದರೆ ಸ್ಕ್ಯಾನರ್ ಚುಚ್ಚಿದರೆ ಸಾಕು, ಕಾರೇ ತನ್ನ ರೋಗ ಹೇಳುತ್ತಿತ್ತು. ಈ ಮುದುಕಿ ಕಾರಿಗೆ ಎಲ್ಲಿ ಅಂತ ಚುಚ್ಚುವುದು?

"ಬೇಟಿ, ಗಾಳಿ ನೋಡಿದ್ಯೇನು?"

ಕೇಳಿದವಳು ಹಸೀನಾಬೀ. ಹಿಂದಿನ ಬಾಗಿಲಲ್ಲಿ ಮೊರ ಹಿಡಿದು ತೊಗರಿ ಕೇರುತ್ತಾ ಕೂತಿದ್ದಳು. ಅರವತ್ತೈದು ದಾಟಿದ ಜೀವ. ಅವಳ ಗಂಡ ಹಸನ್‌ಸಾಬ್ ಇದೇ ಶೆಡ್ಡಿನಲ್ಲಿ ಮೂವತ್ತು ವರ್ಷ ಮೆಕ್ಯಾನಿಕ್ ಆಗಿದ್ದವರು, ತೀರಿಕೊಂಡು ಆರು ವರ್ಷ. ಅವರು ಮುಟ್ಟಿದ ಇಂಜಿನ್ ಗಡಿಯಾರದಂತೆ ನಡೆಯುತ್ತದೆಂದು ತುರ್ವಿಹಾಳದವರೆಗೂ ಹೆಸರಿತ್ತು. ಆದರೆ ಹಸೀನಾಬೀ ಈ ಮೂರು ತಿಂಗಳಲ್ಲಿ ಗ್ಯಾರೇಜಿನ ಕೆಲಸದ ಬಗ್ಗೆ ಒಂದಕ್ಷರ ಆಡಿದವಳಲ್ಲ.

"ಯಾವ ಗಾಳಿ ಚಾಚಿ?"

"ಒಂದನೇ ಪ್ಲಗ್ಗಿಂದು. ನಾಕೂ ಪ್ಲಗ್ ಬಿಚ್ಚು ಮೊದಲ."

ಹೇಳಿದ ದನಿ ಹಾಗಿತ್ತು, ರೂಪಾ ಎದುರು ಮಾತಾಡದೆ ಬಿಚ್ಚಿದಳು. ಹಸೀನಾಬೀ ಎದ್ದು ಬಂದು, ಬಳೆ ಮೇಲಕ್ಕೆ ಸರಿಸಿ, ಮಡ್‌ಗಾರ್ಡಿನ ಮೇಲೆ ಬಾಗಿ, ರೇಡಿಯೇಟರಿಗೆ ಹತ್ತಿರದ ಮೊದಲನೇ ತೂತನ್ನು ಬಲಗೈ ಹೆಬ್ಬೆರಳಿನಿಂದ ಮುಚ್ಚಿದಳು. "ಹ್ಯಾಂಡಲ್ ಹಾಕು. ಸಾವಕಾಶ ತಿರುವು."

ರೂಪಾ ಡಿಕ್ಕಿಯಿಂದ ಹ್ಯಾಂಡಲ್ ತಂದು, ಬಂಪರಿನ ತೂತಿಗೆ ತೂರಿಸಿ ಇಂಜಿನ್ ತಿರುಗಿಸಿದಳು. ಪುಲ್ಲಿಯ ಗೀಟು ಗುರುತಿಗೆ ಬಂದು ನಿಂತಿತು.

"ಬಂತು ಚಾಚಿ."

"ಗೀಟು ಬಂತು, ಗಾಳಿ ಬರ್ಲಿಲ್ಲ. ಇನ್ನೊಂದು ಸುತ್ತು ತಿರುವು."

ಮತ್ತೆ ಅರ್ಧ ಸುತ್ತು ದಾಟಿತ್ತು. ಪುಸ್ಸೆಂದು ಸದ್ದಾಯಿತು. ಮುದುಕಿಯ ಬೆರಳು ತಾನಾಗಿಯೇ ಮೇಲೆದ್ದಿತು. "ಹಾಂ, ಬಂತು! ಇನ್ನೊಂಚೂರು. ಈಗ ನೋಡು ಗೀಟು."

ಅದೇ ಗೀಟು, ಅದೇ ಗುರುತಿನಲ್ಲಿ ನಿಂತಿತ್ತು. ರೂಪಾಳಿಗೆ ತಲೆಯೊಳಗೆ ದೀಪ ಹತ್ತಿದಂತಾಯಿತು. ಒಂದು ಕಿಡಿಗೆ ಪಿಸ್ಟನ್ ಎರಡು ಸಲ ಮೇಲೇರುತ್ತದೆ. ಒಂದು ಸಲ ಸುಟ್ಟ ಹೊಗೆಯನ್ನು ಹೊರಗೆ ನೂಕಲು, ಇನ್ನೊಂದು ಸಲ ಪೆಟ್ರೋಲು ಬೆರೆತ ಗಾಳಿಯನ್ನು ಅದುಮಲು. ಕಿಡಿ ಬೇಕಾದದ್ದು ಅದುಮಿದಾಗ. ಗೀಟಿಗೆ ಆ ಭೇದ ತಿಳಿಯುವುದಿಲ್ಲ, ಎರಡೂ ಸಲ ಅಲ್ಲಿಗೇ ಬಂದು ನಿಲ್ಲುತ್ತದೆ. ಅವಳು ಹೊಗೆಯ ಸರದಿಯನ್ನೇ ಒಂದು ಎಂದುಕೊಂಡಿದ್ದಳು. ಸರದಿ ಸರಿಯಿತ್ತು, ಹೊತ್ತು ಪೂರಾ ಒಂದು ಸುತ್ತು ತಪ್ಪಿತ್ತು. ಪರೀಕ್ಷೆಯಲ್ಲಿ ಇದನ್ನೇ ಚಿತ್ರ ಬರೆದು ಹತ್ತಕ್ಕೆ ಒಂಬತ್ತು ತೆಗೆದುಕೊಂಡ ಮಹಾರಾಯ್ತಿ ಅವಳು!

"ಚಾಚಿ, ನಾ ಒಮ್ಮಿ ಬೆರಳು ಇಡ್ಲೇನು?"

ಹಸೀನಾಬೀ ಹ್ಯಾಂಡಲ್ ಹಿಡಿದಳು. ಪ್ಲಗ್ ಇಲ್ಲದ ಇಂಜಿನ್ ಹಗುರಾಗಿ ತಿರುಗಿತು. ಮೊದಲ ಸುತ್ತಿಗೆ ಬೆರಳಿನಡಿ ಏನೂ ಇಲ್ಲ. ಎರಡನೆಯದಕ್ಕೆ ಒಳಗಿನಿಂದ ಏನೋ ಬಂದು ಹೆಬ್ಬೆರಳನ್ನು ತಳ್ಳಿತು. ಒತ್ತಿ ಹಿಡಿದರೂ ಬಿಡಲಿಲ್ಲ, ಕರು ಹಣೆಯಿಂದ ಗುಮ್ಮಿದಂತೆ ಗುಮ್ಮಿ ಎಬ್ಬಿಸಿ ಹೊರಗೆ ಬಂತು. ರೂಪಾ ಬೆಕ್ಕಸಬೆರಗಾದಳು. ಐದು ವರ್ಷ ಇಂಜಿನ್ ಓದಿದ್ದಳು, ಬಿಚ್ಚಿದ್ದಳು, ಜೋಡಿಸಿದ್ದಳು. ಅದು ಉಸಿರಾಡುವುದು ಅವಳ ಮೈಗೆ ತಿಳಿದದ್ದು ಈವತ್ತೇ.

"ನಿಮಗ ಇದು ಹ್ಯಾಂಗ ಗೊತ್ತು ಚಾಚಿ?"

"ಹ್ಯಾಂಡಲ್ ಒಬ್ರು ತಿರುವಬೇಕು, ಬೆರಳು ಇನ್ನೊಬ್ರು ಇಡಬೇಕು. ಒಬ್ರಿಂದ ಆಗೂ ಕೆಲಸೇನು ಇದು? ಗಿರಾಕಿಗೆ ಚಾ ಕುಡುದು ಬರ್ರಿ ಅಂತ ಕಳಿಸಿ, ಗೋಣಿತಟ್ಟಿನ ಪರದೆ ಇಳಿಬಿಟ್ಟು ನಮ್ಮವರು ನನ್ನ ಕರೀತಿದ್ರು. ಹೆಂಗಸಿನ ಕೈ ಹತ್ತೈತಿ ಅಂದ್ರ ಆವಾಗ ಗಾಡಿ ಯಾರು ತರ್ತಿದ್ರು?" ಹಸೀನಾಬೀ ನಕ್ಕಳು. "ಜೀಪು, ಫಿಯೆಟ್ಟು, ಅಂಬಾಸಡರು. ಈ ಶೆಡ್ಡಿಗೆ ಬಂದ ಪೆಟ್ರೋಲ್ ಗಾಡಿ ಎಲ್ಲಾ ಈ ಬೆರಳಿಗೆ ಉಸುರು ಬಿಟ್ಟು ಹೋಗ್ಯಾವ."

ರೂಪಾ ಆ ಬೆರಳನ್ನೇ ನೋಡುತ್ತಾ ನಿಂತುಬಿಟ್ಟಳು. ಹಸೀನಾಬೀಯೇ ಗದರಿಸಬೇಕಾಯಿತು, "ವೈರು ಹಚ್ಚು ಬೇಟಿ, ಹೊತ್ತಾತು."

ರೋಟರ್ ಈಗ ಮುಖ ಮಾಡಿದ್ದು ಅವಳು ನಾಲ್ಕನೇ ವೈರು ಹಾಕಿದ್ದ ಜಾಗಕ್ಕೆ. ಅಲ್ಲಿಂದ ಒಂದು ಎಂದು ಹಿಡಿದು ಎಲ್ಲವನ್ನೂ ಎರಡೆರಡು ಮನೆ ಸರಿಸಿದಳು. ಪ್ಲಗ್ ಬಿಗಿಯುವ ಹೊತ್ತಿಗೆ ಬಾಗಿಲಲ್ಲಿ ಟ್ರ್ಯಾಕ್ಟರ್ ಬಂದು ನಿಂತಿತು. ಡ್ರೈವರ್ ಯಮನೂರ ಹಗ್ಗದ ಸಿಂಬೆ ಹಿಡಿದು ಇಳಿದ, ಅವನ ಹಿಂದೆ ಆದಪ್ಪ. ಬೀದಿಯ ಜನವೂ ಸುಮ್ಮನೆ ಕೂರಲಿಲ್ಲ, ಎಳೆಯುವುದನ್ನು ನೋಡಲು ನೆರೆದರು.

ರೂಪಾ ಕೀಲಿ ತಿರುಗಿಸಿದಳು. ಒಂದೇ ಏಟಿಗೆ ಇಂಜಿನ್ ಹತ್ತಿಕೊಂಡಿತು. ಢಮ್ಮಿಲ್ಲ, ಹೊಗೆಯಿಲ್ಲ, ಸಣ್ಣಗೆ ಒಂದೇ ಸಮ ಗುನುಗತೊಡಗಿತು.

ಆದಪ್ಪ ಓಡಿಬಂದು ಬಾನೆಟ್ಟಿನ ಮೇಲೆ ಅಂಗೈ ಇಟ್ಟ. "ಇದು ಹಸನ್‌ಸಾಬನ ಕೈ! ಅಂವ ಹೋದಮ್ಯಾಗ ಈ ಗಾಡಿ ಹಿಂಗ ನಡದಿಲ್ಲ. ನಿನಗ ಅವನ ಕೈಗುಣ ಬಂದೈತಿ ತಂಗಿ!"

ಆ ಒಂದು ಮಾತು ಸಾಕಿತ್ತು. ಹೌದ್ರಿ ಎಂದು ಸುಮ್ಮನಾಗಿದ್ದರೆ ನಾಳೆಯಿಂದ ಅವಳ ಗ್ಯಾರೇಜಿನ ಮುಂದೆ ಕಾರುಗಳ ಸಾಲು. ರೂಪಾ ಹಸೀನಾಬೀಯ ಕಡೆ ನೋಡಿದಳು. ಮುದುಕಿ ಆಗಲೇ ಸೆರಗು ಎಳೆದುಕೊಂಡು ಮೊರದ ಕಡೆ ಹೊರಟಿದ್ದಳು.

"ಹಸನ್‌ಸಾಬ್ರ ಕೈ ಅಲ್ರಿ ಕಾಕಾ," ರೂಪಾ ಅಷ್ಟು ಜನರಿಗೂ ಕೇಳುವಂತೆ ಅಂದಳು. "ಚಾಚಿಯವರ ಬೆರಳು. ನಾ ತಪ್ಪು ಮಾಡಿದ್ದೆ, ಅವರು ಹಿಡದು ತೋರಿಸಿದ್ರು. ಆವಾಗೂ ಟೈಮಿಂಗ್ ಹಿಡೀತಿದ್ದವರು ಅವರ. ನಿಮ್ಮ ಗಾಡಿದೂ."

ನೆರೆದವರ ಕಣ್ಣೆಲ್ಲ ಹಸೀನಾಬೀಯ ಕಡೆ ಹೊರಳಿದವು. ಕೆಟ್ಟೆ ಎಂದುಕೊಂಡಳು ರೂಪಾ. ಯಮನೂರ ಹಗ್ಗವನ್ನು ಟ್ರ್ಯಾಕ್ಟರಿಗೆ ಎಸೆದು ಹತ್ತಿರ ಬಂದ. "ಅಕ್ಕಾ, ನಮ್ಮ ಧಣ್ಯಾರದೊಂದು ಹಳೇ ಜೀಪ್ ಐತ್ರಿ. ನಾಳೆ ತರ್ಲೇನು?"

ಆದಪ್ಪನ ಚಿಂತೆ ಬೇರೆಯದಿತ್ತು. "ಹಂಗಾದ್ರ ಹಸೀನಾಬೀ," ಎಂದ ಬಾಯಿ ಬಿಟ್ಟುಕೊಂಡು, "ಗಾಡಿ ಒಯ್ಯುವಾಗೆಲ್ಲಾ ಇಪ್ಪತ್ತು ವರ್ಷ ನಾ ಸಲಾಂ ಹೊಡದದ್ದು ಯಾರಿಗೆ?"

"ಇಬ್ಬರಿಗೂ ಹೊಡದೀರಿ ಬಿಡ್ರಿ ಗೌಡ್ರ," ಹಸೀನಾಬೀ ಮೊರ ಎತ್ತಿಕೊಂಡಳು. "ಪರದೆ ಇತ್ತಲ್ಲ, ನನಗ ಮುಟ್ಟಲಿಲ್ಲ."